ಲಕ್ಷಕ್ಕೆ ನೂರ ಹದಿನೆಂಟು ಕಮ್ಮಿ

ಜುಲೈ 8, ಸೋಮವಾರ

ಇನ್ನು ನಾನೂರ ಹತ್ತು ಲೀಟರ್. ಮೂರು ಸಲ ಕೂಡಿಸಿದೆ, ಮೂರು ಸಲವೂ ಅಷ್ಟೇ ಬಂತು. ನಮ್ಮ ಹಸು ಅಕ್ಕೆ ಹತ್ತು ಸೂಲಿನಲ್ಲಿ, ಇವತ್ತು ಸಂಜೆಯವರೆಗೆ ಕೊಟ್ಟ ಹಾಲು ತೊಂಬತ್ತೊಂಬತ್ತು ಸಾವಿರದ ಐನೂರ ತೊಂಬತ್ತು ಲೀಟರ್. ಒಂದು ಲಕ್ಷ ಮುಟ್ಟಿದರೆ ಸಂಘದವರು ಫಲಕ ತರುತ್ತಾರೆ, ಹಸುವಿನ ಕೊರಳಿಗೆ ಹೂ ಹಾಕಿ ಫೋಟೊ ತೆಗೆಯುತ್ತಾರೆ, ಊರಿಗೂರೇ ಬಂದು ಕೇಕು ತಿನ್ನುತ್ತದೆ. ಫ್ರೀಸ್‌ಲ್ಯಾಂಡಿನಲ್ಲಿ ಹಸು ಸಾಕಿದವರಿಗೆ ಇದಕ್ಕಿಂತ ದೊಡ್ಡದು ಇನ್ನೇನಿದೆ? ನಾನು ಹೇಳಿ ಹೇಳಿ ವೊಬ್ಬೆಯ ಕಿವಿ ತೂತು ಬಿದ್ದಿದೆಯಂತೆ. "ಎಲ್ಲಾದ್ರೂ ಬರೆದಿಡು ಮಾರಾಯ್ತಿ, ನನ್ನ ಬಿಟ್ಟುಬಿಡು" ಎಂದ. ಗಂಡನೇ ಹಾಗಂದ ಮೇಲೆ ಈ ನೋಟ್‌ಬುಕ್ಕೇ ಗತಿ.

ಹಾಲುಮನೆಯ ಗೋಡೆಯಲ್ಲಿ ಅಪ್ಪ ಹೊಡೆದ ಮೊಳೆ ಈಗಲೂ ಇದೆ. ಅವರ ಕಾಲದ ಒಂಬತ್ತನೇ ಅಕ್ಕೆ ಲಕ್ಷ ಮುಟ್ಟೇ ಮುಟ್ಟುತ್ತಾಳೆಂದು ಫಲಕ ಬರುವ ಮೊದಲೇ ಹೊಡೆದ ಮೊಳೆ ಅದು. ಅವಳು ತೊಂಬತ್ತನಾಲ್ಕು ಸಾವಿರಕ್ಕೆ ಸತ್ತಳು. ಈಗಿನವಳು ಅದೇ ವಂಶದ ಮೂವತ್ತೊಂದನೇ ಅಕ್ಕೆ. ಗೋಡೆಗೆ ಸುಣ್ಣ ಹೊಡೆಯುವಾಗೆಲ್ಲ ನಾನು ಆ ಮೊಳೆಯನ್ನು ಬಿಟ್ಟು ಸುತ್ತ ಹೊಡೆಯುತ್ತೇನೆ.

ಸೆಪ್ಟೆಂಬರ್ ಹನ್ನೆರಡರ ಸುಮಾರಿಗೆ ಅಕ್ಕೆ ಹನ್ನೊಂದನೇ ಕರು ಹಾಕಬೇಕು. ಹದಿಮೂರು ವರ್ಷದ ಮುದುಕಿ. ಪಶುವೈದ್ಯೆ ಯಿಲ್ಡೌ ವಸಂತದಲ್ಲೇ ಅವಳ ಕಾಲು, ಎದೆ ನೋಡಿ, "ಈ ಸಲ ಕರು ಹಾಕಿ ಮತ್ತೆ ಎದ್ದು ನಿಂತ್ರೆ ನಿಮ್ಮ ಅದೃಷ್ಟ" ಎಂದಿದ್ದಳು. ಹಾಗಾಗಿ ಮುಂದಿನ ಸೂಲಿಗೆ ನೋಡೋಣ ಎನ್ನುವ ಹಾಗಿಲ್ಲ, ಈಗಲೇ ಆಗಬೇಕು. ಕರು ಹಾಕುವ ಎಂಟು ವಾರ ಮೊದಲು ಹಾಲು ಬತ್ತಿಸಬೇಕು, ಅಂದರೆ ಇದೇ ಹದಿನೆಂಟಕ್ಕೆ. ಅಷ್ಟರೊಳಗೆ ನಾನೂರ ಹತ್ತು ಎಲ್ಲಿಂದ ಬರಬೇಕು? ಇಪ್ಪತ್ತೇಳರವರೆಗೆ ಎಳೆದರೆ, ಹಿಂಡಿ ಸ್ವಲ್ಪ ಹೆಚ್ಚು ಹಾಕಿದರೆ, ಆದೀತು. ಒಂಬತ್ತು ದಿನ ತಾನೇ, ಯಾರ ಗಂಟೇನು ಹೋಗುತ್ತದೆ?

ಜುಲೈ 11, ಗುರುವಾರ

ಇಪ್ಪತ್ತು ಲೀಟರ್. ಇನ್ನು ಮುನ್ನೂರ ನಲವತ್ತೆಂಟು. ನಿನ್ನೆಗಿಂತ ಒಂದು ಲೀಟರ್ ಕಮ್ಮಿ ಏಕೆ ಎಂದು ಬೆಳಗಿನಿಂದ ತಲೆ ಕೆಟ್ಟಿದೆ.

ಸೈಕಲ್ಲಿನಲ್ಲಿ ಬೇಕರಿಗೆ ಹೋಗಿ ಇಪ್ಪತ್ತೇಳನೇ ತಾರೀಕಿಗೆ ನಲವತ್ತು ಜನಕ್ಕಾಗುವ ಓರಾಂಜೆಕೂಕ್ ಕೇಕು ಹೇಳಿ ಬಂದೆ. ಮೇಲೆ ಗುಲಾಬಿ ಸಕ್ಕರೆ, ಅದರ ಮೇಲೆ ಕೆನೆಯಲ್ಲಿ ದೊಡ್ಡದಾಗಿ ಒಂದರ ಮುಂದೆ ಐದು ಸೊನ್ನೆ. ಬೇಕರಿಯವಳು ಸೊನ್ನೆಗಳನ್ನು ಎರಡು ಸಲ ಎಣಿಸಿ ಬರೆದುಕೊಂಡಳು. ಬರುವ ದಾರಿಯಲ್ಲಿ ಗೊಸ್ಸೆಯ ಗೇಟಿನ ಮುಂದೆ ಆ ಬೋರ್ಡು. ನಮ್ಮ ಪಕ್ಕದ ಹೊಲದವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹೋದ ವರ್ಷ ಅವನ ಬೊಂಟೆ ಲಕ್ಷ ಮುಟ್ಟಿತು. ಅಂದಿನಿಂದ "ಲಕ್ಷ ಲೀಟರಿನ ಬೊಂಟೆಯ ಮನೆ" ಎಂದು ರಸ್ತೆಗೆ ಕಾಣುವ ಹಾಗೆ ಬರೆಸಿ ಹಾಕಿದ್ದಾನೆ. ದಿನಕ್ಕೆರಡು ಸಲ ಅದನ್ನು ನೋಡಿಕೊಂಡೇ ಹೋಗಬೇಕು ನಾನು.

"ಕೇಕಿಗೆ ಹೇಳಿದೆ" ಎಂದರೆ ವೊಬ್ಬೆ ಕೇಳುತ್ತಾನೆ, "ಅಕ್ಕೆಗೆ ಹೇಳಿದೀಯಾ?"

ಜುಲೈ 13, ಶನಿವಾರ

ಮುಂದಿನ ತೋಟದ ಜಲ್ಲಿಯನ್ನು ಕುಂಟೆಯಿಂದ ಎಳೆದು ಸಾಲು ಮಾಡಿದೆ. ಶನಿವಾರ ಈ ಕೆಲಸ ಮಾಡದಿದ್ದರೆ ನನಗೆ ಭಾನುವಾರವೇ ಬರುವುದಿಲ್ಲ. ಡೇಲಿಯಾ ಈ ಸಲ ಚೆನ್ನಾಗಿ ಬಂದಿವೆ. ಅಪ್ಪ ನೆಟ್ಟ ಆರು ಲಿಂಡೆನ್ ಮರಗಳ ಕೆಳಗೆ ಒಂದು ಎಲೆ ಬಿದ್ದಿರಬಾರದು, ಒಂದು ಹೆಜ್ಜೆಗುರುತು ಇರಬಾರದು. ಅಲ್ಲಿ ನಾವು ಯಾರೂ ಕೂರುವುದಿಲ್ಲ, ಅದು ದಾರಿಯಲ್ಲಿ ಹೋಗುವವರು ನೋಡುವುದಕ್ಕೆ. ಮುಂಬಾಗಿಲನ್ನೂ ತೆರೆಯುವುದಿಲ್ಲ. ಮದುವೆಗೆ ತೆರೆಯಬೇಕು, ಇಲ್ಲ ಹೆಣಕ್ಕೆ. ಕೊನೆಯ ಸಲ ತೆರೆದದ್ದು ಹನ್ನೆರಡು ವರ್ಷದ ಹಿಂದೆ ಅಪ್ಪನ ಪೆಟ್ಟಿಗೆ ಹೊರಟಾಗ.

ಇನ್ನು ಮುನ್ನೂರ ಏಳು.

ಜುಲೈ 18, ಗುರುವಾರ

ಯಿಲ್ಡೌ ಬಂದಿದ್ದಳು. ಎಳೆಯ ಹುಡುಗಿ, ನನ್ನ ಅರ್ಧ ವಯಸ್ಸು, ಆದರೆ ಮಾತು ಮಾತ್ರ ದೊಡ್ಡವರದು. ಅಕ್ಕೆಯ ಕೆಚ್ಚಲು ನೋಡಿ, "ಇವತ್ತು ಬತ್ತಿಸೋ ದಿನ ಅಲ್ವಾ?" ಎಂದಳು.

"ಇನ್ನೊಂದು ಹತ್ತು ದಿನ ಕರೀತೀನಿ ಕಣಮ್ಮ. ಇನ್ನೂರ ಹತ್ತು ಉಳಿದಿದೆ."

"ಅದು ನನಗೂ ಗೊತ್ತು, ಊರಿಗೆಲ್ಲ ಗೊತ್ತು. ಆದ್ರೆ ಮುಂದಿನ ವಾರ ಸೆಕೆ ಬರ್ತಿದೆ ರೀಮ್ಕೆ. ಮೂವತ್ತು ದಾಟಿ ಮೇಲೆ ಹೋಗುತ್ತಂತೆ. ಗಬ್ಬದ ಹಸು, ಮೇಲಿಂದ ಹಾಲೂ ಕೊಡ್ತಿದೆ, ಮೇಲಿಂದ ಸೆಕೆ. ಮೂರನ್ನೂ ಹೊರೋಕೆ ಆಗಲ್ಲ."

"ಬಿಸಿಲು ಬಂದ್ರೆ ಒಳ್ಳೇದಲ್ವಾ? ವರ್ಷವೆಲ್ಲ ಬಿಸಿಲು ಬಿಸಿಲು ಅಂತ ಸಾಯ್ತೀವಿ."

"ನಮಗೆ ಒಳ್ಳೇದು. ಅವಕ್ಕೆ ಇಪ್ಪತ್ತೈದಕ್ಕೇ ಸಾಕಾಗುತ್ತೆ." ಹೋಗುವಾಗ ನನ್ನನ್ನು ಅಕ್ಕೆಯ ಪಕ್ಕ ನಿಲ್ಲಿಸಿ ಪಾಠ ಹೇಳಿದಳು. "ಪಕ್ಕೆ ನೋಡಿ. ಒಂದು ಸಲ ಉಬ್ಬಿ ಇಳಿದ್ರೆ ಒಂದು ಉಸಿರು. ನಿಮಿಷಕ್ಕೆ ಮೂವತ್ತು, ನಲವತ್ತು ಇದ್ರೆ ಸರಿ. ಅರವತ್ತು ದಾಟಿದ್ರೆ ಸೆಕೆ ತಡೀತಿಲ್ಲ ಅಂತ ಅರ್ಥ. ನೂರು ದಾಟಿದ್ರೆ ಯೋಚನೆ ಮಾಡ್ತಾ ಕೂರಬೇಡಿ, ನನಗೆ ಫೋನ್ ಮಾಡಿ."

ನಾನು ನಲವತ್ತು ವರ್ಷ ಹಸು ಕಟ್ಟಿದವಳು. ಉಸಿರು ಎಣಿಸಿಕೊಂಡು ಕೂತಿದ್ದರೆ ಹಾಲು ಕರೆಯುವವರು ಯಾರು?

ಜುಲೈ 21, ಭಾನುವಾರ

ಹದಿನೆಂಟು ಲೀಟರ್. ಇನ್ನು ನೂರ ಐವತ್ತೇಳು. ಉಳಿದಿರುವುದು ಆರು ದಿನ. ದಿನಕ್ಕೆ ಇಪ್ಪತ್ತಾರು ಬೇಕು! ಹಿಂಡಿ ಎರಡು ಕಿಲೋ ಏರಿಸಿದೆ. ಕೇಕು ಒಂದು ವಾರ ಮುಂದಕ್ಕೆ ಹಾಕೋಣವೇ ಎಂದು ವೊಬ್ಬೆ ಕೇಳಿದ. ನಲವತ್ತು ಜನಕ್ಕೆ ಹೇಳಿಯಾಗಿದೆ, ಮುಂದಕ್ಕೆ ಹಾಕುವುದೆಂದರೆ ಗೊಸ್ಸೆಗೆ ಹಬ್ಬ.

ಜುಲೈ 22, ಸೋಮವಾರ

ಮೂವತ್ತೊಂದು ಡಿಗ್ರಿ. ಐವತ್ತೆಂಟು ಹಸುಗಳೂ ಹುಲ್ಲು ಬಿಟ್ಟು ಗೇಟಿನ ಹತ್ತಿರ ಒಂದರ ಮೈಗೆ ಒಂದು ಒತ್ತಿಕೊಂಡು ನಿಂತಿದ್ದವು. ಸೆಕೆಗೆ ದೂರ ದೂರ ನಿಲ್ಲುವುದು ಬಿಟ್ಟು ಇದೇನು ಬುದ್ಧಿಯೋ. ಒಂದೂ ಮಲಗಿಲ್ಲ. ನೀರಿನ ತೊಟ್ಟಿ ಎರಡು ಸಲ ಖಾಲಿಯಾಯಿತು.

ಮಧ್ಯಾಹ್ನ ವೊಬ್ಬೆ, "ಹಗಲು ಒಳಗೆ ಕಟ್ಟೋಣ, ಸಂಜೆ ಮೇಲೆ ಬಿಡೋಣ" ಎಂದ.

"ಜುಲೈ ತಿಂಗಳಲ್ಲಿ ಹಸು ಒಳಗಿದ್ರೆ ದಾರೀಲಿ ಹೋಗೋರು ಏನಂತಾರೆ? ಬೇಸಿಗೇಲೂ ಬೀದಿಗೆ ಹಸು ಕಾಣದ ಮನೆ ಅಂತಾರೆ."

"ದಾರೀಲಿ ಹೋಗೋರಿಗೆ ಕಾರಲ್ಲಿ ಏಸಿ ಇದೆ ಕಣೇ."

ಆಮೇಲೆ ಹಳೆಯ ಕಥೆ ತೆಗೆದ. ಮೂವತ್ತು ವರ್ಷದ ಹಿಂದೆ ಅವನು ಈ ಮನೆಗೆ ಅಳಿಯನಾಗಿ ಬಂದ ಹೊಸತರಲ್ಲಿ, ಕಾಲುವೆಯ ದಂಡೆಗೆ ಆಲ್ಡರ್ ಸಸಿ ನೆಡೋಣ ಎಂದಿದ್ದನಂತೆ. ಅಪ್ಪ ನಕ್ಕಿದ್ದರಂತೆ. ನಾನೂ ನಕ್ಕಿದ್ದೆನಂತೆ. ನಕ್ಕಿರಬಹುದು. ಮರದ ನೆರಳಲ್ಲಿ ಹುಲ್ಲು ಬೆಳೆಯುತ್ತದೆಯೇ? ಕಣ್ಣು ಹಾಯಿಸಿದಷ್ಟು ದೂರ ನಮ್ಮ ಹೊಲದಲ್ಲಿ ಒಂದು ಮರ ಸಿಗುವುದಿಲ್ಲ, ಅದು ನಮ್ಮ ಹೆಮ್ಮೆಯೇ ಆಗಿತ್ತು.

ಹದಿನೈದು ಲೀಟರ್. ನೂರ ನಲವತ್ತೆರಡು. ಮೊಟ್ಟೆ ಬೇಯಿಸಲು ಇಟ್ಟುಕೊಂಡ ಪುಟ್ಟ ಗಡಿಯಾರ ಜೇಬಿನಲ್ಲಿತ್ತು, ಸುಮ್ಮನೆ ಒಂದು ಸಲ ಅಕ್ಕೆಯ ಉಸಿರು ಎಣಿಸಿದೆ. ಅರವತ್ತನಾಲ್ಕು.

ಜುಲೈ 23, ಮಂಗಳವಾರ

ಹನ್ನೆರಡು!

ಹಿಂಡಿ ಮತ್ತೆ ಏರಿಸಿದೆ, ಮೂಸಿ ಬಿಟ್ಟಳು. ಬೆಲ್ಲದ ಪಾಕ ಚಿಮುಕಿಸಿ ಕೈಯಾರೆ ತಿನ್ನಿಸಿದೆ, ನನ್ನ ಮುಖ ನೋಡಿಕೊಂಡು ಒಂದಿಷ್ಟು ತಿಂದಳು. ಒಳ್ಳೆಯವಳು. ಕೊಟ್ಟಿಗೆಯೊಳಗೂ ಕಟ್ಟಿ ನೋಡಿದೆವು, ಅದು ಬೇಕರಿಯ ಒಲೆಯ ಹಾಗಿದೆ. ಪಶ್ಚಿಮದ ಗಾಳಿ ಒಳಗೆ ನುಗ್ಗಬಾರದೆಂದು ಅಜ್ಜ, ಅಪ್ಪ ಇಬ್ಬರೂ ಸೇರಿ ಆ ಕಡೆಯ ಗೋಡೆಗೆ ಒಂದು ಸಂದು ಬಿಡದೆ ಹಲಗೆ ಹೊಡೆದಿದ್ದಾರೆ. ಈ ಊರಲ್ಲಿ ಎಲ್ಲರೂ ಹೆದರುವುದು ಗಾಳಿಗೆ, ಸೆಕೆಗೆ ಹೆದರಿದವರನ್ನು ನಾನು ಕಂಡಿಲ್ಲ.

ನೂರ ಮೂವತ್ತು ಉಳಿಯಿತು. ಎಣಿಸಿದೆ, ಎಪ್ಪತ್ತೆಂಟು. ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಡುಗೆಮನೆಗೆ ಎಷ್ಟು ಸಲ ಹೋದೆನೋ. ಮಜ್ಜಿಗೆ ಬಗ್ಗಿಸಿಟ್ಟು ಕುಡಿಯಲು ಮರೆತಿದ್ದೇನೆ, ಅದು ಮೇಜಿನ ಮೇಲೆ ಬಿಸಿಯಾಗಿದೆ.

ಜುಲೈ 24, ಬುಧವಾರ

ಬೆಳಿಗ್ಗೆ ದಡಬಡ ಸದ್ದು ಕೇಳಿ ಓಡಿಹೋದರೆ ವೊಬ್ಬೆ ಏಣಿ ಹತ್ತಿ ಪಶ್ಚಿಮದ ಗೋಡೆಯ ಹಲಗೆ ಕೀಳುತ್ತಿದ್ದಾನೆ. ಏಳೆಂಟು ಆಗಲೇ ನೆಲದ ಮೇಲೆ. ನನಗೆ ಎಲ್ಲಿತ್ತೋ ಸಿಟ್ಟು.

"ಮನೆ ಅಳಿಯ ಅಂತ ಕರ್ಕೊಂಡು ಬಂದ್ರೆ ಮನೇನೇ ಕೀಳ್ತಿದೀಯಾ? ಅದು ಅಪ್ಪನ ಗೋಡೆ!"

"ಅಪ್ಪನಿಗೆ ಸೆಕೆ ಆಗ್ತಿಲ್ಲ, ರೀಮ್ಕೆ. ಹಸುಗೆ ಆಗ್ತಿದೆ." ಇನ್ನೊಂದು ಹಲಗೆ ಕಿತ್ತು ಕೆಳಗೆ ಹಾಕಿದ. ಮೂವತ್ತು ವರ್ಷದಲ್ಲಿ ಅವನು ನನಗೆ ಎದುರು ಮಾತಾಡಿದ್ದು ಬೆರಳಲ್ಲಿ ಎಣಿಸಬಹುದು. ನಾನು ಒಳಗೆ ಬಂದು ಎರಡು ಬಟ್ಟಲು ಒಡೆದೆ.

ಹನ್ನೊಂದಕ್ಕೆ ಗೊಸ್ಸೆ ಟ್ರ್ಯಾಕ್ಟರಿನ ಹಿಂದೆ ಆಳೆತ್ತರದ ಫ್ಯಾನು ಕಟ್ಟಿಕೊಂಡು ಬಂದ. ಕರೆದವನು ವೊಬ್ಬೆ. ಗೊಸ್ಸೆಯ ಮುಂದೆ ನನ್ನ ಮಾನ ತೆಗೆಯುವುದಕ್ಕೇ ಹುಟ್ಟಿದ್ದಾನೆ. ಫ್ಯಾನು ಹಾಕಿದ ಮೇಲೆ ಗೊಸ್ಸೆ ಅಕ್ಕೆಯನ್ನು ತುಂಬಾ ಹೊತ್ತು ನೋಡಿದ.

"ಇನ್ನೂ ಕರೀತಿದೀಯಾ ಇದನ್ನ?"

"ನಿನ್ನ ಬೊಂಟೆಯನ್ನ ನೀನು ಕರೀಲಿಲ್ವಾ? ನಿನಗಾದ್ರೆ ಬೋರ್ಡು, ನನಗಾದ್ರೆ ಬುದ್ಧಿವಾದ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೊಂಟೆ ಫೋಟೊ ತೆಗೆದ ಮೂರನೇ ವಾರಕ್ಕೆ ಸತ್ತೋಯ್ತು, ರೀಮ್ಕೆ. ಕರು ಹಾಕುವಾಗ. ಕರೂನೂ ಉಳೀಲಿಲ್ಲ. ಲಕ್ಷ ಆಗ್ಲಿ ಅಂತ ಕೊನೇವರೆಗೂ ಕರೆದೆ, ಬತ್ತಿಸಲೇ ಇಲ್ಲ."

"ಸುಳ್ಳು ಹೇಳ್ಬೇಡ. ಅದನ್ನ ಮಾರಿದೆ ಅಂದಿದ್ದೆ."

"ಅಂದಿದ್ದೆ. ಏನಂತ ಹೇಳ್ಲಿ? ಕೇಕ್ ತಿಂದ ಜನ ಎದುರಿಗೆ ಸಿಗ್ತಾರೆ."

ಕಾಫಿ ಕೂಡ ಕೊಡದೆ ಕಳಿಸಿದೆ, ಈಗ ನೆನಪಾಗುತ್ತಿದೆ. ಸಂಜೆಯದ್ದೂ ಸೇರಿ ಒಂಬತ್ತು ಲೀಟರ್. ಎಂಬತ್ತೊಂಬತ್ತು ಉಸಿರು. ನೂರ ಇಪ್ಪತ್ತೊಂದು ಉಳಿಯಿತು ಎಂದು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಜುಲೈ 25, ಗುರುವಾರ

ಬೆಳಗಿನ ಕರಾವಿಗೆ ಮೂರು ಲೀಟರ್. ಮೆಷಿನ್ನು ಕೆಚ್ಚಲಿನಲ್ಲಿ ಸುಮ್ಮನೆ ಜೀಕುತ್ತಿತ್ತು. ಅಕ್ಕೆ ಒದೆಯಲೂ ಇಲ್ಲ, ಅಲುಗಲೂ ಇಲ್ಲ. ಒದ್ದಿದ್ದರೆ ಚೆನ್ನಾಗಿತ್ತು.

ಹತ್ತು ಗಂಟೆಗೆ ತೊಂಬತ್ತಾರು. ಫ್ಯಾನು ತಿರುಗುತ್ತಿದೆ, ಕಿತ್ತ ಗೋಡೆಯಿಂದ ಬರುವ ಗಾಳಿಯೂ ಬಿಸಿಯೇ. ದಕ್ಷಿಣದ ಕಡೆ ನಲವತ್ತು ದಾಟುತ್ತದೆ ಎಂದು ರೇಡಿಯೊದವನು ಫುಟ್‌ಬಾಲಿನ ಗೋಲು ಹೇಳುವವನ ಹಾಗೆ ಖುಷಿಯಿಂದ ಹೇಳುತ್ತಿದ್ದ. ಒಂದು ಗಂಟೆಗೆ ಹೋಗಿ ನೋಡಿದರೆ ಅಕ್ಕೆ ಕತ್ತು ಮುಂದೆ ಚಾಚಿ, ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ ನಿಂತಿದ್ದಾಳೆ. ಜೊಲ್ಲು ನೆಲದವರೆಗೆ ಇಳಿಯುತ್ತಿದೆ. ಗಡಿಯಾರ ತಿರುಗಿಸಿ ಎಣಿಸತೊಡಗಿದೆ, ಪಕ್ಕೆಯ ಓಟಕ್ಕೆ ನನ್ನ ಎಣಿಕೆ ತಪ್ಪಿತು. ಮತ್ತೆ ಎಣಿಸಿದೆ. ನೂರ ಹನ್ನೆರಡು.

ಯಿಲ್ಡೌ ಫೋನು ತೆಗೆದಾಗ ಅವಳ ಹಿಂದೆ ಬೇರೆ ಯಾರದೋ ಕೊಟ್ಟಿಗೆಯ ಗಲಾಟೆ ಕೇಳುತ್ತಿತ್ತು.

"ಹಿಂಡಿ ಎಷ್ಟು ಹಾಕ್ತಿದೀರಾ?" ಎಂದಳು. ಹೇಳಿದೆ.

"ಅಯ್ಯೋ ರೀಮ್ಕೆ! ಹೊರಗೆ ಈ ಸೆಕೆ, ನೀವು ಹೊಟ್ಟೆಯೊಳಗೆ ಒಲೆ ಹೊತ್ತಿಸಿ ಕೂತಿದೀರಲ್ಲ. ಹಿಂಡಿ ಅರಗೋದಕ್ಕೂ ಮೈ ಬಿಸಿ ಆಗುತ್ತೆ. ನಿಲ್ಲಿಸಿ. ಹಾಲು ಕರೆಯೋದೂ ನಿಲ್ಲಿಸಿ. ನಾನು ಬರೋಕೆ ಎರಡು ಗಂಟೆ ಆಗುತ್ತೆ, ಅಲ್ಲೀವರೆಗೆ ನೆರಳಲ್ಲಿ ನಿಲ್ಲಿಸಿ ಬೆನ್ನ ಮೇಲೆ ನೀರು ಬಿಡಿ. ಮರದ ನೆರಳಾದ್ರೆ ಇನ್ನೂ ಒಳ್ಳೇದು."

"ಮರ ಎಲ್ಲಿಂದ ತರ್ಲಿ?"

"ನಿಮ್ಮನೆ ಮುಂದೆ ಆರು ಇದೆಯಲ್ಲ!" ಆಮೇಲೆ ಸ್ವಲ್ಪ ಮೆಲ್ಲಗೆ, "ಹೊಟ್ಟೇಲಿರೋ ಕರುಗೂ ಇದೇ ಸೆಕೆ. ಅದಕ್ಕೆ ಓಡಿಹೋಗೋಕೆ ಜಾಗ ಇಲ್ಲ" ಎಂದಳು.

ಹಗ್ಗ ಹಾಕಿ ಕರೆದುಕೊಂಡು ಬಂದೆ. ನೂರು ಹೆಜ್ಜೆಯ ದಾರಿಗೆ ಮೂರು ಸಲ ನಿಂತಳು. ಮುಂದಿನ ಗೇಟು ತೆಗೆದು ಜಲ್ಲಿಯ ಮೇಲೆ ಹತ್ತಿಸಿದೆವು. ಹಿತ್ತಲಿನ ನಲ್ಲಿಯ ಪೈಪು ಅಲ್ಲಿಯವರೆಗೆ ಬರುವುದಿಲ್ಲ, ಅಡುಗೆಮನೆಯ ನಲ್ಲಿಗೆ ಸಿಕ್ಕಿಸಿ ಹಜಾರದಿಂದ ಎಳೆದು ಮುಂಬಾಗಿಲು ತೆಗೆದೆ. ಕೀಲು ತುಕ್ಕು ಹಿಡಿದಿತ್ತು, ಭುಜ ಕೊಟ್ಟು ನೂಕಬೇಕಾಯಿತು. ಎಣ್ಣೆ ಹಾಕಬೇಕು.

ಬೆನ್ನ ಮೇಲೆ, ಕತ್ತಿನ ಮೇಲೆ ನೀರು ಬಿಟ್ಟೆ, ಗೊಸ್ಸೆಯ ಫ್ಯಾನನ್ನು ಹೊಸ್ತಿಲ ಮೇಲಿಟ್ಟು ವೊಬ್ಬೆ ಗಾಳಿ ತಿರುಗಿಸಿದ. ನೀರು, ಗಾಳಿ, ಮತ್ತೆ ನೀರು. ನೂರ ನಾಲ್ಕು. ತೊಂಬತ್ತೇಳು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲುಗಳು ನಿಂತು ನೋಡಿದವು. ಒಬ್ಬಳು ಫೋಟೊ ತೆಗೆದಳು. ತೆಗೆದುಕೊಳ್ಳಲಿ. ಅಕ್ಕೆ ಒಂದು ಸಲ ಕತ್ತು ತಿರುಗಿಸಿ ಡೇಲಿಯಾ ಗಿಡದ ತಲೆ ಕಿತ್ತು ಬಾಯಿಗೆ ಹಾಕಿಕೊಂಡಾಗ ನನಗೆ ಅಳು ಬಂತು. ಮೂರು ದಿನದ ಮೇಲೆ ಮೊದಲ ಸಲ ತಾನಾಗಿ ತಿಂದದ್ದು.

"ತಿನ್ನು ತಾಯಿ, ಎಲ್ಲಾ ತಿನ್ನು" ಎಂದೆ. ವೊಬ್ಬೆ ಮುಖ ಆ ಕಡೆ ತಿರುಗಿಸಿಕೊಂಡ.

ಯಿಲ್ಡೌ ಬರುವ ಹೊತ್ತಿಗೆ ಎಂಬತ್ತೆಂಟು. ಅವಳು ನೋಡಿ, ಸೂಜಿ ಹಾಕಿ, ಇನ್ನೊಂದು ಮನೆಗೆ ಓಡಿದಳು. ಐದು ಗಂಟೆಗೆ ವೊಬ್ಬೆ ಉಳಿದ ಹಸುಗಳ ಕರಾವಿಗೆ ಹೊರಟವನು ಬಾಗಿಲಲ್ಲಿ ನಿಂತು ಕೇಳಿದ, "ಇವಳನ್ನ ಕರ್ಕೊಂಡು ಹೋಗ್ಲಾ?"

"ಬೇಡ."

"ನೂರ ಹದಿನೆಂಟು ತಾನೇ ಉಳಿದಿರೋದು."

"ಬೇಡ ಅಂದ್ನಲ್ಲ, ಹೋಗು ನೀನು!"

ಕತ್ತಲಾಗುವ ಮೊದಲು ಅಕ್ಕೆ ಮಲಗಿದಳು, ಜಲ್ಲಿಯ ಮೇಲೆ, ನನ್ನ ಸಾಲುಗಳ ಮೇಲೆ. ಎಪ್ಪತ್ತೊಂದು. ಮೆಲುಕು ಹಾಕಲು ಶುರು ಮಾಡಿದ್ದಾಳೆ.

ಜುಲೈ 26, ಶುಕ್ರವಾರ

ಬೆಳಿಗ್ಗೆ ಅರವತ್ತೆಂಟು. ಮಧ್ಯಾಹ್ನ ಎಂಬತ್ತು, ನೀರು ಬಿಟ್ಟ ಮೇಲೆ ಅರವತ್ತೈದು. ಸಂಜೆ ಐವತ್ತೆಂಟು.

ಬೇಕರಿಯವಳಿಗೆ ಫೋನು ಮಾಡಿ ಕೇಕು ಬೇಡ ಎಂದೆ. "ಈಗಷ್ಟೇ ಸೊನ್ನೆ ಮುಗಿಸಿದೆ ಕಣಮ್ಮಾ, ಕಳಿಸೇ ಕಳಿಸ್ತೀನಿ" ಎಂದಳು.

ಜುಲೈ 27, ಶನಿವಾರ

ಮಧ್ಯಾಹ್ನ ಗುಡುಗು, ಆಮೇಲೆ ಮಳೆ. ಅಬ್ಬಾ, ಎಂಥ ಮಳೆ! ಅಕ್ಕೆ ಲಿಂಡೆನ್ ಬಿಟ್ಟು ಬಯಲಿಗೆ ಬಂದು ನೆನೆದುಕೊಂಡು ನಿಂತಳು, ನಾನೂ ಅವಳ ಪಕ್ಕ ನಿಂತಿದ್ದೆ. ಅಷ್ಟರಲ್ಲಿ ಅತಿಥಿಗಳು ಬಂದರು. ಬರಬೇಡಿ ಎಂದು ಹೇಳಲು ನಾನು ಯಾರಿಗೂ ಫೋನು ಮಾಡಿರಲಿಲ್ಲ, ಮರೆತೇ ಹೋಗಿತ್ತು. ನಲವತ್ತು ಜನ ಕೊಡೆ ಹಿಡಿದು ತೆರೆದ ಮುಂಬಾಗಿಲನ್ನು ನೋಡಿ, ಯಾರು ಸತ್ತರು ಎಂದು ಮೆಲ್ಲಗೆ ಕೇಳಿದರು.

ಕೊಟ್ಟಿಗೆಯಲ್ಲಿ ಕೇಕು ಇಟ್ಟು ಎಲ್ಲರ ಮುಂದೆ ಹೇಳಿದೆ. "ಲಕ್ಷಕ್ಕೆ ನೂರ ಹದಿನೆಂಟು ಕಮ್ಮಿ. ನಾನೇ ನಿಲ್ಲಿಸಿದೆ. ಒಂದು ವಾರ ಮೊದಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ." ಆಗ ವೊಬ್ಬೆ ಚಾಕು ತೆಗೆದುಕೊಂಡು ಕೇಕಿನ ಮೇಲಿನ ಒಂದರ ಅಂಕಿಯನ್ನು ಹಾಗೇ ಕೊಯ್ದು ಗೊಸ್ಸೆಯ ತಟ್ಟೆಗೆ ಹಾಕಿ, "ಇನ್ನು ಬರೀ ಸೊನ್ನೆ, ಎಲ್ರೂ ಧೈರ್ಯವಾಗಿ ತಿನ್ನಿ" ಎಂದ. ಎಲ್ಲರೂ ನಕ್ಕರು. ಗೊಸ್ಸೆ ಮಾತ್ರ ನಗಲಿಲ್ಲ, ತನ್ನ ತುಂಡನ್ನು ತಿನ್ನಲೂ ಇಲ್ಲ.

ನಲವತ್ತೆರಡು.

ಆಗಸ್ಟ್ 14, ಬುಧವಾರ

ಬರೆಯಲು ಏನೂ ಇಲ್ಲ. ತಂಪಾಗಿದೆ. ಕಿತ್ತ ಹಲಗೆಗಳು ಗೋಡೆಗೆ ಒರಗಿ ನಿಂತಿವೆ, ಚಳಿಗಾಲದ ಹೊತ್ತಿಗೆ ಹಾಕಿದರಾಯಿತು. ಅಕ್ಕೆ ಇನ್ನೂ ಮುಂದಿನ ತೋಟದಲ್ಲೇ ಇದ್ದಾಳೆ. ಶನಿವಾರ ಸಗಣಿ ಎತ್ತುತ್ತೇನೆ, ಕುಂಟೆ ಹಿಡಿದು ಒಂದು ತಿಂಗಳಾಗಿರಬೇಕು. ವೊಬ್ಬೆ ಕಾಲುವೆಯ ದಂಡೆಯುದ್ದಕ್ಕೂ ಗೂಟ ನೆಡುತ್ತಿದ್ದಾನೆ. ಏನದು ಎಂದರೆ, ಆಲ್ಡರ್‌ಗೆ ಗುರುತು ಎಂದ. ಗೂಟಗಳ ಮಧ್ಯೆ ಅಂತರ ಸಾಲದು ಎಂದು ಹೇಳಿ ಬಂದೆ.

ಸೆಪ್ಟೆಂಬರ್ 2, ಸೋಮವಾರ

ಹತ್ತು ದಿನ ಮೊದಲೇ ಕರು ಹಾಕಿದಳು. ಹೆಣ್ಣುಗರು, ಜೀವ ಇದೆ. ತಕ್ಕಡಿಯಲ್ಲಿ ಇಪ್ಪತ್ತೊಂಬತ್ತು ಕಿಲೋ. ನಮ್ಮ ಅಕ್ಕೆಗಳ ಕರು ನಲವತ್ತಕ್ಕೆ ಕಮ್ಮಿ ಯಾವತ್ತೂ ಇದ್ದದ್ದಿಲ್ಲ. ಎತ್ತಿಕೊಂಡರೆ ಮೂಳೆ ಕೈಗೆ ಸಿಗುತ್ತದೆ.

ಕರು ಬಿದ್ದ ಮೇಲೆ ಅಕ್ಕೆ ಏಳಲಿಲ್ಲ. ಕಿವಿ ತಣ್ಣಗಾಗಿತ್ತು, ಕತ್ತು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿದ್ದಳು. ಯಿಲ್ಡೌ ಬಂದು ನರಕ್ಕೆ ಕ್ಯಾಲ್ಸಿಯಂ ಹತ್ತಿಸಿದಳು. ನಾನು ಬಾಟಲಿ ಎತ್ತಿ ಹಿಡಿದು ನಿಂತೆ, ಕೈ ಸೋತರೂ ವೊಬ್ಬೆಗೆ ಕೊಡಲಿಲ್ಲ. ಬೊಂಟೆಯದೇ ನೆನಪು. ಏಳು, ಏಳು, ಇನ್ನೊಂದು ತೊಟ್ಟು ಹಾಲು ಕೇಳುವುದಿಲ್ಲ ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆನಂತೆ. ಮುಕ್ಕಾಲು ಗಂಟೆಯಾದ ಮೇಲೆ ಮುಂಗಾಲು ಊರಿದಳು, ಮತ್ತೆ ಕುಸಿದಳು, ಮತ್ತೆ ಊರಿ ಎದ್ದು ನಿಂತಳು. ನಿಂತು ಮೊದಲು ಮಾಡಿದ ಕೆಲಸ ಕರುವನ್ನು ನೆಕ್ಕಿದ್ದು.

ಕೈ ತೊಳೆಯುವಾಗ ಯಿಲ್ಡೌಳನ್ನು ಕೇಳಿದೆ, "ಕರು ದೊಡ್ಡದಾಗುತ್ತಾ?"

"ಆಗುತ್ತೆ. ಆದ್ರೆ ತಾಯಿಯಷ್ಟು ಹಾಲು ಕೊಡ್ಲಿಕ್ಕಿಲ್ಲ. ಹೊಟ್ಟೇಲಿದ್ದಾಗ ತಿಂದ ಸೆಕೆ ಮೈಯಿಂದ ಹೋಗಲ್ಲ. ಇದರ ಮಕ್ಕಳಲ್ಲೂ ಕಾಣಬಹುದು."

"ಇದು ನನ್ನಿಂದ ಆಯ್ತಾ?"

"ಸೆಕೆ ನೀವು ತಂದಿದ್ದಲ್ಲ, ರೀಮ್ಕೆ."

"ಉಳಿದಿದ್ದು?"

ಅವಳು ಇನ್ನೊಂದು ಸಲ ಸೋಪು ಹಚ್ಚಿಕೊಂಡಳು. ಹೇಳುವುದೇನಿದೆ, ನನಗೇ ಗೊತ್ತಿದೆ. ಅಪ್ಪನ ಮೊಳೆಗೋಸ್ಕರ ನಾನು ಹುಟ್ಟದ ಕರುವನ್ನು ಬೇಯಿಸಿದೆ. ತಪ್ಪು ನನ್ನದು, ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ 4, ಬುಧವಾರ

ಕರುವಿಗೆ ಚೀಪಲು ಶಕ್ತಿ ಸಾಲದು. ಗಿಣ್ಣು ಹಾಲನ್ನು ಬಾಟಲಿಯಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದೇನೆ, ದಿನಕ್ಕೆ ಆರು ಸಲ. ಅಕ್ಕೆ ಎಷ್ಟು ಹಾಲು ಕೊಟ್ಟಳು ಎಂದು ವೊಬ್ಬೆ ಕೇಳಿದ. ಅಳೆದಿಲ್ಲ. ಕರುವಿಗೆ ಸಾಕಾಗುವಷ್ಟಿದೆ.

ಸೆಪ್ಟೆಂಬರ್ 9, ಸೋಮವಾರ

ಮಳೆ. ಕರು ತಾನಾಗಿ ಚೀಪಿ ಎರಡು ಲೀಟರ್ ಕುಡಿಯಿತು. ಕುಡಿದು ಬಾಲ ಎತ್ತಿ ನಾಲ್ಕು ಹೆಜ್ಜೆ ಓಡಿ ಗೋಡೆಗೆ ಡಿಕ್ಕಿ ಹೊಡೆಯಿತು. ವೊಬ್ಬೆಯನ್ನು ಕೂಗಿ ಕರೆದು ತೋರಿಸಿದೆ.

ಸೆಪ್ಟೆಂಬರ್ 27, ಶುಕ್ರವಾರ

ಬೆಳಿಗ್ಗೆ ಸಂಘದ ಹಾರ್ಮೆನ್ ಬಂದ, ತಿಂಗಳಿಗೊಮ್ಮೆ ಹಾಲು ಅಳೆಯಲು ಬರುವವನು. ಕಂಕುಳಲ್ಲಿ ಹೂಗೊಂಚಲು, ಕೈಯಲ್ಲಿ ಕಂದು ಕಾಗದ ಸುತ್ತಿದ ಫಲಕ.

"ಏನಿದು?" ಎಂದೆ.

"ಏನಿದು ಅಂದ್ರೆ? ಅಕ್ಕೆ ಲಕ್ಷ ದಾಟಿ ಎರಡು ವಾರ ಮೇಲಾಯ್ತು! ನಾನು ಹೋದ ವಾರ ಅಳೆದದ್ರ ಮೇಲೆ ಲೆಕ್ಕ ಹಾಕಿದ್ರೆ ಒಂಬತ್ತನೇ ತಾರೀಕು, ಸೋಮವಾರ. ನೀವು ಫೋನ್ ಮಾಡ್ತೀರಾ ಮಾಡ್ತೀರಾ ಅಂತ ಆಫೀಸಲ್ಲಿ ಕಾಯ್ತಾ ಇದ್ರು."

ಒಂಬತ್ತನೇ ತಾರೀಕು ಏನಾಗಿತ್ತು ಎಂದು ನೋಟ್‌ಬುಕ್ ತಿರುಗಿಸಿ ನೋಡಿದೆ. ಮಳೆ. ಕರು ಎರಡು ಲೀಟರ್ ಕುಡಿಯಿತು. ಅಷ್ಟೇ ಇದೆ.

ಹಾರ್ಮೆನ್ ಹೂವನ್ನು ಅಕ್ಕೆಯ ಕೊರಳಿಗೆ ಹಾಕಿದ, ಅವನು ಕ್ಯಾಮೆರಾ ಹುಡುಕುವಷ್ಟರಲ್ಲಿ ಅವಳು ಅರ್ಧ ತಿಂದಿದ್ದಳು. ವೊಬ್ಬೆ ಫಲಕ ಹಿಡಿದು ಹಾಲುಮನೆಗೆ ಹೋದವನು ಹಾಗೇ ಹಿಂದೆ ಬಂದ.

"ನಿನ್ನ ಅಪ್ಪನ ಮೊಳೆ ಖಾಲಿ ಇಲ್ಲ ಕಣೇ. ನೀರಿನ ಪೈಪು ಸುತ್ತಿ ತಗುಲಿಸಿದೀಯ."

"ಪೈಪು ಅಲ್ಲೇ ಇರ್ಲಿ. ಬೇಕಂದಾಗ ಕೈಗೆ ಸಿಗಬೇಕು."

"ಇದನ್ನೇನು ಮಾಡ್ಲಿ?"

"ಎಲ್ಲಾದ್ರೂ ಇಡು."

ಮಧ್ಯಾಹ್ನ ಬೇಕರಿಗೆ ಹೋಗಿ ಬಂದೆ. ಗೊಸ್ಸೆಯ ಗೇಟಿನ ಹತ್ತಿರ ರಸ್ತೆ ಯಾಕೋ ಅಗಲವಾದ ಹಾಗೆ ಕಂಡಿತು. ಮನೆಗೆ ಬಂದ ಮೇಲೆ ಹೊಳೆಯಿತು, ಬೋರ್ಡು ಇರಲಿಲ್ಲ.

ಕರುವಿಗೆ ಹೆಸರು ಇಟ್ಟಿದ್ದೇವೆ, ನಲವತ್ತೇಳನೇ ಅಕ್ಕೆ. ಇವತ್ತು ಮೂವತ್ತೊಂಬತ್ತು ಕಿಲೋ. ಬಿಸಿಲಿತ್ತು, ಹತ್ತೊಂಬತ್ತು ಡಿಗ್ರಿ. ತಾಯಿಯ ಉಸಿರು ಇಪ್ಪತ್ತೆಂಟು, ಮಗಳದು ಮೂವತ್ತಾರು. ಎರಡು ಸಲ ಎಣಿಸಿದೆ.